ಇಳಿಯದ ಅಗಸೆ

ಪೇಟೆಯಿಂದ ಉತ್ತರಕ್ಕೆ ಹೊರಡುವ ಹಳೆಯ ರಸ್ತೆಯಲ್ಲಿ ಈಗ ಬಸ್ಸುಗಳಿಲ್ಲ. ಹೆದ್ದಾರಿ ಬಂದ ಮೇಲೆ ಅವೆಲ್ಲ ಆ ಕಡೆ ಹೊರಳಿಕೊಂಡವು. ಇತ್ತ ಉಳಿದದ್ದು ಎರಡೂ ಬದಿಯ ಬೇವಿನ ಮರಗಳು, ಜೋಳದ ಹೊಲಗಳು, ಆಗೀಗ ಒಂದು ಟ್ರ್ಯಾಕ್ಟರು, ಮತ್ತೆ ಭಾನುವಾರ ಬೆಳಗಾಯಿತೆಂದರೆ ಸಾಲುಗಟ್ಟಿ ಬರುವ ಸೈಕಲ್ ಸವಾರರು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಅಂಗಿ, ಹೆಬ್ಬೆರಳಿಗಿಂತ ತುಸುವೇ ದಪ್ಪನೆಯ ಟೈರು. ಹನ್ನೆರಡು ಮೈಲಿಯೊಳಗೆ ಮೂರು ಕೋಟೆ ಕಾಣಿಸುವ ದಾರಿ ಇನ್ನೆಲ್ಲಿ ಸಿಗಬೇಕು ಎಂದು ಅವರು ಬರುತ್ತಾರೆ. ಮೊದಲನೆಯದು ಗುಡ್ಡದ ಮೇಲಿದೆ, ಅದನ್ನು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಮುಂದೆ ಸಾಗುತ್ತಾರೆ. ಎರಡನೆಯದರ ಬುರುಜಿನ ನೆರಳಲ್ಲಿ ಇಳಿದು, ನೀರು ಕುಡಿದು, ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರನೆಯದು ಹೊನ್ನಿಗನೂರು. ಅಲ್ಲಿ ಕೋಟೆ ದಾರಿಯ ಪಕ್ಕಕ್ಕಿಲ್ಲ, ದಾರಿಯೇ ಕೋಟೆಯೊಳಗೆ ಹೊಕ್ಕಿದೆ. ತೆಂಕಣ ಅಗಸೆಯಲ್ಲಿ, ಅಂದರೆ ಊರಿನ ಹೆಬ್ಬಾಗಿಲಲ್ಲಿ ನುಗ್ಗಿ, ಕಲ್ಲುಹಾಸಿನ ಏರು ಹತ್ತಿ, ಬಡಗಣ ಅಗಸೆಯಲ್ಲಿ ಹೊರಬೀಳಬೇಕು. ಏರು ಕಂಡು ಯಾರಾದರೂ ಕಾಲು ಕೆಳಗಿಟ್ಟರೋ, ಕಟ್ಟೆಯ ಮೇಲಿನ ಮುದುಕರು ಗದರಿಸಿಯೇ ಬಿಡುತ್ತಾರೆ: ಇಲ್ಲಿ ಇಳಿಯುವಂತಿಲ್ಲ, ಹತ್ತಿಕೊಂಡೇ ಹೋಗಬೇಕು. ತೀರ ಏದುಸಿರು ಬಿಡುವವನ ಸೀಟಿನ ಹಿಂದೆ ಕೈಯಿಟ್ಟು ದೂಡುವುದೂ ಉಂಟು. ಆ ಬಾಗಿಲಿಗೆ ಇಳಿಯದ ಅಗಸೆ ಎಂದೇ ಹೆಸರು. ಹೊಸಬರು ಇದೇನೋ ಊರಿನವರ ತಮಾಷೆ ಎಂದುಕೊಂಡು ನಗುತ್ತಾರೆ. ನಗುವುದು ಕಥೆ ಕೇಳುವ ತನಕ ಮಾತ್ರ.

ಹಿಂದೆ ಒಮ್ಮೆ, ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಹತ್ತು ಹದಿನೈದು ವರ್ಷವಿದ್ದಾಗ, ಈ ಅಗಸೆಯಲ್ಲಿ ನಡೆಯುತ್ತಿದ್ದದ್ದು ಇದಕ್ಕೆ ತದ್ವಿರುದ್ಧ ಎನ್ನುತ್ತಾರೆ. ಶ್ರಾವಣಕ್ಕೆ ಮುಂಚಿನ ಐದು ಮಂಗಳವಾರ ಕೋಟೆಯೊಳಗೆ ಗಾಲಿ ಎಂಬುದೇ ಇರಕೂಡದೆಂದು ಊರಿನ ಕಟ್ಟು. ಆ ಐದು ದಿನ ಕೋಟೆ ದ್ಯಾಮವ್ವ ನೆಲಕ್ಕೆ ಕಿವಿಗೊಟ್ಟು ಮಲಗಿರುತ್ತಾಳೆ, ಗಾಲಿ ಉರುಳಿದರೆ ಅವಳ ಎದೆಯ ಮೇಲೆ ಉರುಳಿದ ಹಾಗೆ ಎಂಬ ನಂಬಿಕೆ. ಸೋಮವಾರ ಸಂಜೆಯಾಗುತ್ತಲೇ ಊರಿನ ಗಾಡಿಗಳನ್ನೆಲ್ಲ ಅಗಸೆಯ ಹೊರಗೆ ಎಳೆದು ನಿಲ್ಲಿಸುತ್ತಿದ್ದರು. ಕುಂಬಾರರು ತಿಗರಿಯನ್ನು, ಮುದುಕಿಯರು ನೂಲುವ ರಾಟೆಯನ್ನು ಹೊತ್ತು ತಂದು ಅವುಗಳ ಪಕ್ಕಕ್ಕೆ ಇಡುತ್ತಿದ್ದರು. ಮಂಗಳವಾರವಿಡೀ ಅಗಸೆಯಲ್ಲಿ ಕೋಲು ಹಿಡಿದು ನಿಲ್ಲುವುದು ತಳವಾರ ಭರಮಪ್ಪನ ಕೆಲಸ. ಅವನಪ್ಪ ನಿಂತಿದ್ದ, ಅಪ್ಪನ ಅಪ್ಪನೂ ನಿಂತಿದ್ದ. ಒಮ್ಮೆ ಸ್ವತಃ ಊರ ಗೌಡರ ಗಾಡಿಯನ್ನು ತಡೆದು, ಒಮ್ಮೆ ಸರಕಾರದ ಸಾಹೇಬನ ಟಾಂಗಾ ತಡೆದು, ಇಬ್ಬರನ್ನೂ ನಡೆಸಿಕೊಂಡು ಒಳಗೆ ಕರೆತಂದಿದ್ದ. ಅದನ್ನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳಿಕೊಳ್ಳದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕೆಟ್ಟ ಮನುಷ್ಯನಲ್ಲ. ಹೆಂಡತಿ ಹೋದ ಮೇಲೆ ಇದ್ದೊಬ್ಬ ಮಗಳು ಹುಲಿಗೆವ್ವನನ್ನು ಅಂಗೈಯಲ್ಲಿಟ್ಟು ಸಾಕಿ, ಮೂರು ಮೈಲಿ ಆಚೆಯ ಹುಣಸೆನಾಳಕ್ಕೆ ಮದುವೆ ಮಾಡಿಕೊಟ್ಟಿದ್ದ. ಬಸುರಿಯಾದ ಅವಳಿಗೆ ಏಳು ತಿಂಗಳಲ್ಲಿ ಕುಬುಸದ ಶಾಸ್ತ್ರ ಮಾಡಿ, ಹಸಿರು ಬಳೆ ತೊಡಿಸಿ ಬಂದಿದ್ದ. ಒಂಬತ್ತು ಬಿದ್ದ ಕೂಡಲೇ ಹೆರಿಗೆಗೆ ಕರೆತರುವುದೆಂದು ಬೀಗರ ಹತ್ತಿರ ಮಾತಾಗಿತ್ತು.

ಆ ಕಾಲಕ್ಕೆ ಈ ದಾರಿಯಲ್ಲಿ ಸೈಕಲ್ಲೆಂಬುದೇ ಅಪರೂಪ. ಅದರ ಮೇಲೆ ಹೆಂಗಸು ಕೂತು ಬರುವುದೆಂದರೆ ಕಣ್ಣಿಂದ ಕಂಡರೂ ನಂಬುವ ಮಾತಲ್ಲ. ಪೇಟೆಯ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸು ಎಸ್ತರಬಾಯಿ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಿಂದಿನ ಕ್ಯಾರಿಯರಿಗೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು, ಗಂಟೆ ಬಾರಿಸುತ್ತ ಮೂರೂ ಕೋಟೆ ದಾಟಿ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದಳು. ಮೊದಲ ಸಲ ಅವಳನ್ನು ಕಂಡಾಗ ಭರಮಪ್ಪ ಬೆಚ್ಚಿ ಕೋಲು ಕೆಳಗೆ ಹಾಕಿದ್ದನಂತೆ. ಆಮೇಲೆ ರೂಢಿಯಾಯಿತು. ಅವನ ಕಾಲಿನ ಹುಣ್ಣಿಗೆ ಅವಳು ಮುಲಾಮು ಹಚ್ಚಿ ವಾಸಿ ಮಾಡಿದ ಮೇಲಂತೂ ಗಂಟೆ ಕೇಳಿಸಿದರೆ ಸಾಕು, ಎದ್ದು ನಿಂತು ಕೈಮುಗಿಯುತ್ತಿದ್ದ.

ಆ ವರ್ಷದ ಮೂರನೆಯ ಮಂಗಳವಾರ, ರಾತ್ರಿಯ ಮಳೆ ನಿಂತು ಬಿಸಿಲು ಬಿದ್ದ ಹೊತ್ತಿಗೆ, ಎಸ್ತರಬಾಯಿ ಎಂದಿಗಿಂತ ಜೋರಾಗಿ ಬಂದಳು. ಭರಮಪ್ಪ ಕೋಲು ಅಡ್ಡ ಹಿಡಿದ. ಅವಳಿಗೆ ಈ ಕಟ್ಟಿನ ವಿಷಯ ಗೊತ್ತಿರಲಿಲ್ಲ, ಅದಕ್ಕೆ ಮುಂಚಿನ ಎರಡು ಮಂಗಳವಾರ ಅವಳು ಇತ್ತ ಬಂದಿರಲಿಲ್ಲ. ಅವನು ಮರ್ಯಾದೆಯಿಂದಲೇ ತಿಳಿಸಿ ಹೇಳಿದ.

“ಹುಣಸೆನಾಳದಾಗ ಒಬ್ಬಾಕಿ ನಿನ್ನೆ ಮಧ್ಯಾಹ್ನದಿಂದ ಬ್ಯಾನಿ ತಿನ್ನಾಕತ್ತಾಳ, ಯಜಮಾನ್ರ. ಇವತ್ತೊಂದಿನ ಬಿಡ್ರಿ,” ಎಂದಳು ಎಸ್ತರಬಾಯಿ.

“ಅವ್ವನ ವಾರ ಐತ್ರಿ, ಬಾಯಾರ. ಗೌಡರ ಗಾಡಿನೂ ಹೊರಗ ನಿಂತೈತಿ ನೋಡ್ರಿ,” ಎಂದ ಭರಮಪ್ಪ.

ಸೈಕಲ್ಲನ್ನು ಹೊತ್ತುಕೊಂಡು ದಾಟುತ್ತೇನೆ ಎಂದಳು. ಹೊತ್ತರೂ ಗಾಲಿ ಗಾಲಿಯೇ, ಒಳಗೆ ಬರುವಂತಿಲ್ಲ ಎಂದ. ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದರೆ ಕೋಟೆ ದಾಟಿಯೂ ಮೂರು ಮೈಲಿ, ಕೈಯಲ್ಲಿ ಭಾರದ ಪೆಟ್ಟಿಗೆ. ಆಗ ಭರಮಪ್ಪನೇ ಉಪಾಯ ಹೇಳಿಕೊಟ್ಟ. ಕೋಟೆಯ ಹೊರಗೋಡೆ ಹಿಡಿದು ಹೊಲಗಳ ಬದುವಿನ ಮೇಲೆ ಸುತ್ತುಹಾಕಿದರೆ ಅರ್ಧ ತಾಸಿನಲ್ಲಿ ಬಡಗಣ ರಸ್ತೆ ಸಿಗುತ್ತದೆ, ಅಲ್ಲಿಂದ ಹತ್ತಿಕೊಂಡು ಹೋಗಬಹುದು ಎಂದ. ಯಾರ ಮನೆಯ ಹೆಂಗಸು ಎಂದು ಮಾತ್ರ ಕೇಳಲಿಲ್ಲ. ಕೇಳುವುದು ತಪ್ಪು. ಬೇನೆ ತಿನ್ನುವವಳ ಹೆಸರು ಹೆರಿಗೆಯಾಗುವ ತನಕ ಯಾರ ಬಾಯಲ್ಲೂ ಬರಬಾರದು, ಬಂದರೆ ದೃಷ್ಟಿ ತಾಗುತ್ತದೆ ಎಂಬುದು ಈ ಸೀಮೆಯ ಎಲ್ಲ ಊರುಗಳ ರಿವಾಜು. ಬೆಳಿಗ್ಗೆ ಆಸ್ಪತ್ರೆಗೆ ಓಡಿಬಂದಿದ್ದ ಹುಣಸೆನಾಳದ ಮನುಷ್ಯನೂ ಬಾವಿ ಹತ್ತಿರದ ಮನೆ ಎಂದಷ್ಟೇ ಹೇಳಿ, ಇನ್ನೇನೋ ಔಷಧಿಗೆಂದು ಪೇಟೆಯಲ್ಲೇ ಉಳಿದಿದ್ದ. ಎಸ್ತರಬಾಯಿಗೂ ಹೆಸರು ಗೊತ್ತಿರಲಿಲ್ಲ. ಅವಳು ಸೈಕಲ್ ಹೊರಳಿಸಿಕೊಂಡು ಹೊಲಕ್ಕಿಳಿದಾಗ ಭರಮಪ್ಪ ದ್ಯಾಮವ್ವನ ಗುಡಿಯ ಕಡೆ ತಿರುಗಿ, ಯಾರ ಮಗಳೋ ಏನೋ, ಸುಸೂತ್ರವಾಗಿ ಹೆರಲಿ ತಾಯಿ ಎಂದು ಬೇಡಿಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಡಗಣ ಅಗಸೆಯಿಂದ ಬೀಗರ ಮನೆಯ ಆಳು ನಡೆದು ಬಂದ. ಹುಲಿಗೆವ್ವನಿಗೆ ಹೆರಿಗೆಯಾಗಿದೆ, ಗಂಡು ಕೂಸು, ತಕ್ಷಣ ಬರಬೇಕಂತೆ ಎಂದ. ಮುಖ ಎತ್ತಲಿಲ್ಲ. ಭರಮಪ್ಪನಿಗೆ ಅದು ಕಾಣಲಿಲ್ಲ. ಎಂಟು ತಿಂಗಳಿಗೇ ಆಯಿತೇ ಎಂದು ದಿಗಿಲು ಒಂದು ಕಡೆ, ಮೊಮ್ಮಗ ಹುಟ್ಟಿದನೆಂಬ ಹಿಗ್ಗು ಒಂದು ಕಡೆ. ಕೋಲನ್ನು ತಮ್ಮನ ಕೈಗಿತ್ತು ಬಿರಬಿರನೆ ಹೊರಟ. ದಾರಿಯಲ್ಲಿ ನರ್ಸಬಾಯಿಯ ನೆನಪಾಯಿತು. ಹುಣಸೆನಾಳದಲ್ಲಿ ಒಂದೇ ದಿನ ಎರಡು ಹೆರಿಗೆ, ಹೇಗೂ ಬಾಯಾರು ಅಲ್ಲೇ ಇರುತ್ತಾರೆ, ನಮ್ಮ ಹುಡುಗಿಯನ್ನೂ ಒಮ್ಮೆ ನೋಡಿ ಹೋಗಿರೆಂದು ಕರೆದರಾಯಿತು ಎಂದುಕೊಂಡ. ಈ ಯೋಚನೆ ಬಂದದ್ದಕ್ಕೆ ಅವನಿಗೆ ಎಷ್ಟೋ ಧೈರ್ಯವೂ ಆಯಿತಂತೆ. ಊರು ಹೊಕ್ಕು, ಬಾವಿ ದಾಟಿ, ಬೀಗರ ಮನೆಯ ತಿರುವಿಗೆ ಬಂದ. ಮಗಳ ಮನೆಯ ಗೋಡೆಗೆ ಸೈಕಲ್ಲು ಒರಗಿ ನಿಂತಿತ್ತು.

ಎರಡೂ ಗಾಲಿಗಳಿಗೆ ಎರೆಮಣ್ಣು ಹಿಟ್ಟಿನ ಮುದ್ದೆಯಂತೆ ಮೆತ್ತಿಕೊಂಡು, ಕಡ್ಡಿಗಳೇ ಕಾಣದಂತಾಗಿತ್ತು. ಅಷ್ಟು ಮಣ್ಣು ಹಿಡಿದ ಗಾಲಿ ಒಂದು ಮಾರೂ ಉರುಳಲಾರದು. ಅದನ್ನು ಹೊಲದುದ್ದಕ್ಕೂ ಹೆಗಲ ಮೇಲೆ ಹೊತ್ತೇ ತಂದಿರಬೇಕು. ಇವರೇಕೆ ಇಲ್ಲಿ ಎಂದು ಭರಮಪ್ಪ ಕೇಳುವ ಅಗತ್ಯವೇ ಇರಲಿಲ್ಲ. ಒಳಗೆ ಹೆಂಗಸರು ದನಿ ತೆಗೆದು ಅಳುತ್ತಿದ್ದರು. ಎಸ್ತರಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ಅವಳ ಬಿಳಿ ಸೀರೆ ಮೊಣಕಾಲಿನವರೆಗೆ ಕಪ್ಪಗಾಗಿತ್ತು, ಮಡಿಲಲ್ಲಿ ಹತ್ತಿಯಲ್ಲಿ ಸುತ್ತಿದ ಅಂಗೈಯಗಲದ ಕೂಸು. ಅವನನ್ನು ಕಂಡು ಅವಳೂ ಬೆಚ್ಚಿದಳು. ಕೋಲು ಅಡ್ಡ ಹಿಡಿದವನೇ ಆ ಹೆಣ್ಣಿನ ತಂದೆಯೆಂದು ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲೇ.

ಅರ್ಧ ತಾಸಿನ ದಾರಿಗೆ ಎರಡು ತಾಸಿನ ಮೇಲೆ ಹಿಡಿದಿತ್ತು. ಅವಳು ಮುಟ್ಟುವ ಮೊದಲೇ ಕೂಸು ಹುಟ್ಟಿ, ತಾಯಿಗೆ ರಕ್ತ ಹರಿಯತೊಡಗಿತ್ತು. ನಿಲ್ಲಿಸುವ ಔಷಧಿ ಪೆಟ್ಟಿಗೆಯಲ್ಲಿತ್ತು, ಆದರೆ ಹೊತ್ತು ಮೀರಿತ್ತು. ಎಷ್ಟು ಮೊದಲು ಬಂದಿದ್ದರೆ ಉಳಿಯುತ್ತಿದ್ದಳು ಎಂದು ಭರಮಪ್ಪ ಕೇಳಿದ. ಅವಳು ಹೇಳಲು ಒಪ್ಪಲಿಲ್ಲ. ಅವನು ಮೂರು ಸಲ ಕೇಳಿದ. ಕೊನೆಗೆ ಎಸ್ತರಬಾಯಿ ಕೂಸಿನ ಮೇಲಿಂದ ಕಣ್ಣೆತ್ತದೆ, “ಅರ್ಧ ತಾಸು,” ಎಂದಳು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಭರಮಪ್ಪನ ಕಣ್ಣಲ್ಲಿ ನೀರು ಬರಲಿಲ್ಲ, ಏಟು ತಿಂದ ದನದ ಹಾಗೆ ಸುಮ್ಮನೆ ನಿಂತಿರುತ್ತಿದ್ದ ಎನ್ನುತ್ತಾರೆ. ಊರಿನ ಹಿರಿಯರು ಬಂದು ಸಮಾಧಾನ ಹೇಳಿದರು. ನೀನು ನಿನ್ನ ಕೆಲಸ ಮಾಡಿದೆ, ಅವ್ವ ಕೊಟ್ಟಳು, ಅವ್ವ ಒಯ್ದಳು ಎಂದರು. ಹುಣಸೆನಾಳದ ಮನೆಯಲ್ಲಿ ಈಗ ಉಳಿದದ್ದು ಎಂಟು ತಿಂಗಳಿಗೆ ಹುಟ್ಟಿದ ಕೂಸು. ಅದಕ್ಕೆ ಹಾಲು ಚೀಪುವ ಶಕ್ತಿಯೂ ಇರಲಿಲ್ಲ. ಎಸ್ತರಬಾಯಿ ದಿನ ಬಿಟ್ಟು ದಿನ ಬಂದು, ಹತ್ತಿಯ ಬತ್ತಿಯಿಂದ ಹಾಲು ಹನಿಸಿ, ಮೈ ಬೆಚ್ಚಗಿಡುವುದನ್ನು ಮನೆಯವರಿಗೆ ಕಲಿಸುತ್ತಿದ್ದಳು. ಸೋಮವಾರ ಕೂಸಿಗೆ ಉಸಿರು ಕಟ್ಟತೊಡಗಿತೆಂದು ಅವಳಿಗೆ ಸುದ್ದಿ ಹೋಯಿತು. ಮರುದಿನ ನಾಲ್ಕನೆಯ ಮಂಗಳವಾರ.

ಅಂದು ಬೆಳಿಗ್ಗೆ ಅಗಸೆಯ ಕಟ್ಟೆಯ ಮೇಲೆ ಗೌಡರು, ದ್ಯಾಮವ್ವನ ಪೂಜಾರಿ, ಊರಿನ ಹತ್ತಾರು ಮಂದಿ ಕೂತಿದ್ದರು. ಭರಮಪ್ಪ ಎಂದಿನಂತೆ ಕೋಲು ಹಿಡಿದು ನಿಂತಿದ್ದ. ದೂರದಿಂದ ಗಂಟೆ ಕೇಳಿಸಿತು. ಎಸ್ತರಬಾಯಿ ಅಗಸೆಯ ಹತ್ತಿರ ಬಂದು, ತಾನಾಗಿಯೇ ಕಾಲು ಕೆಳಗಿಟ್ಟು, ಸೈಕಲ್ಲನ್ನು ಹೊಲದ ಕಡೆ ತಿರುಗಿಸಿದಳು. ಅವಳಿಗೆ ಜಗಳವಾಡುವಷ್ಟು ಪುರುಸೊತ್ತಿರಲಿಲ್ಲ.

“ಇಳೀಬ್ಯಾಡ್ರಿ, ಬಾಯಾರ,” ಎಂದ ಭರಮಪ್ಪ. “ಹತ್ರಿ. ಹತಗೊಂಡ ಹೋಗ್ರಿ.”

ಕಟ್ಟೆಯ ಮೇಲಿದ್ದವರಿಗೆ ಸಿಡಿಲು ಬಡಿದಂತಾಯಿತು. ಪೂಜಾರಿ ಎದ್ದು ಬಂದು ಅಡ್ಡ ನಿಂತ. ತಲೆಮಾರುಗಳ ತಳವಾರಿಕೆ ಇವತ್ತಿಗೆ ಕಳೆದುಕೊಳ್ಳುತ್ತೀಯ ಎಂದು ಗೌಡರು ಎಚ್ಚರಿಸಿದರು. ಭರಮಪ್ಪ ಕೋಲನ್ನು ಗೌಡರ ಕಾಲ ಬಳಿ ಇಟ್ಟ. ಆಮೇಲೆ ಪೂಜಾರಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಅವ್ವನ ಎದಿ ಮ್ಯಾಲ ಗಾಲಿ ಉರುಳತೈತಿ ಅಂದ್ರಿ. ನನ್ನ ಮಗಳು ಸಾಯೋ ಮುಂದ ಅವ್ವಗ ಎದಿ ಇತ್ತೇನ್ರಿ? ಇದ್ರ ಆಕಿ ದಾರಿ ಬಿಡತಾಳ. ಇಲ್ಲಂದ್ರ ನಾ ಯಾರನ್ನ ಕಾಯಾಕತ್ತಿದ್ದೆ?”

ಪೂಜಾರಿ ತಾನೇ ಸರಿದನೋ, ಭರಮಪ್ಪನೇ ಅವನನ್ನು ಸರಿಸಿದನೋ, ಹೇಳುವವರು ಎರಡೂ ರೀತಿ ಹೇಳುತ್ತಾರೆ. ಎಸ್ತರಬಾಯಿ ಹತ್ತಿದಳು. ಕಲ್ಲುಹಾಸಿನ ಏರಿನಲ್ಲಿ ಸೈಕಲ್ಲು ತಡವರಿಸಿದಾಗ ಭರಮಪ್ಪ ಸೀಟಿನ ಹಿಂದೆ ಕೈಯಿಟ್ಟು ದೂಡುತ್ತ ಬಡಗಣ ಅಗಸೆಯ ತನಕ ಓಡಿದ. ಊರಿನವರು ಬಾಗಿಲಿಗೆ ಬಂದು ನಿಂತು ನೋಡಿದರು. ಅಂದು ಕೂಸು ಉಳಿಯಿತು. ದ್ಯಾಮವ್ವ ಮುನಿದಳೆಂಬುದಕ್ಕೆ ಆ ವರ್ಷ ಏನೂ ಗುರುತು ಕಾಣಲಿಲ್ಲ, ಮಳೆಬೆಳೆ ಎಂದಿನಂತೆಯೇ ಆಯಿತು. ಮರುವರ್ಷ ಸೋಮವಾರ ಸಂಜೆ ಗಾಡಿಗಳನ್ನು ಹೊರಗೆ ಎಳೆಯುವವರೇ ಇರಲಿಲ್ಲ. ಗೌಡರು ಒಂದು ದಿನ ತಾವೇ ಹೋಗಿ ಕೋಲನ್ನು ಭರಮಪ್ಪನ ಬಾಗಿಲಲ್ಲಿ ಒರಗಿಸಿ ಬಂದರಂತೆ.

ಆ ಮಂಗಳವಾರ ಎಸ್ತರಬಾಯಿ ಹಿಂದಿರುಗುವಾಗ ಭರಮಪ್ಪ ಗಡಿಗೆಯಲ್ಲಿ ಸುಣ್ಣ ಕಲಸಿಕೊಂಡು ಅಗಸೆಯಲ್ಲಿ ಕಾಯುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಒಂದು ಹೆಸರು ಬರೆದುಕೊಡಬೇಕೆಂದು ಕೇಳಿದ. ಅವಳು ಬೆರಳನ್ನು ಸುಣ್ಣದಲ್ಲಿ ಅದ್ದಿ ಬಾಗಿಲಿನ ಕಂಬದ ಮೇಲೆ ಬರೆದಳು. ಅಂದಿನಿಂದ ಹೊನ್ನಿಗನೂರಿನ ಸುತ್ತಮುತ್ತ ಯಾವ ಹೆಣ್ಣಿಗೆ ಬೇನೆ ಬಂದರೂ ಮೊದಲು ಅಗಸೆಗೆ ಬಂದು ಅವಳ ಹೆಸರನ್ನು ಗಟ್ಟಿಯಾಗಿ ಹೇಳಿ, ಸುಣ್ಣದಲ್ಲಿ ಬರೆಸುತ್ತಾರೆ. ಯಾರಿಗಾಗಿ ದಾರಿ ಬಿಡಬೇಕೆಂದು ಎಲ್ಲರಿಗೂ ತಿಳಿದಿರಲಿ ಎಂದು.

ಇಂದು ಸೈಕಲ್ಲಿನವರು ಆ ಏರಿನಲ್ಲಿ ಬೆವರುತ್ತ ಹೋಗುವಾಗ ಎಡಗಡೆಯ ಗೋಡೆ ತುಂಬ ಸುಣ್ಣದ ಹೆಸರುಗಳು ಕಾಣುತ್ತವೆ, ಒಂದರ ಮೇಲೊಂದು, ಹೊಸದು ಬೆಳ್ಳಗೆ, ಹಳೆಯದು ಮಾಸಲು. ಕೋಟೆ ಕಟ್ಟಿಸಿದ ರಾಣಿಯರ ಹೆಸರೇ ಎಂದು ಕೆಲವರು ಕೇಳುತ್ತಾರೆ. ಮಳೆಗೆ ಅವು ತೊಳೆದುಹೋಗುತ್ತವೆ, ಯಾರೂ ತಿದ್ದುವುದಿಲ್ಲ, ಹೆರಿಗೆಯಾದ ಮೇಲೆ ಆ ಹೆಸರಿನ ಕೆಲಸ ಮುಗಿಯಿತು. ಒಂದನ್ನು ಮಾತ್ರ ತಳವಾರರ ಮನೆಯವರು ಪ್ರತಿವರ್ಷ ಮಳೆ ನಿಂತ ಕೂಡಲೇ ಹೊಸದಾಗಿ ಸುಣ್ಣ ಹಚ್ಚಿ ಬರೆಯುತ್ತಾರೆ. ಬಾಗಿಲಿನ ಬಲಗೈ ಕಂಬದಲ್ಲಿ, ಸೈಕಲ್ ಮೇಲೆ ಕೂತವರ ಕಣ್ಣಿಗೆ ನೇರ ಬೀಳುವ ಎತ್ತರದಲ್ಲಿ ಅದು ಇದೆ: ಹುಲಿಗೆವ್ವ.