ಹೊದಿಕೆ ಬಿಚ್ಚದ ಸೀಡಿ

ಸಿನಿಮಾ ಹಾಡುಗಳ ಸೀಡಿ ಕೂಡಿಡುವುದು ಧರಣೇಂದ್ರನ ಹುಚ್ಚು. ಕೆಲವೇ ನೂರು ಪ್ರತಿ ಬರುವ ವಿಶೇಷ ಸೀಡಿಗಳನ್ನು ಅವನು ಎರಡೆರಡು ಕೊಳ್ಳುತ್ತಿದ್ದ, ಒಂದು ಕೇಳುವುದಕ್ಕೆ, ಇನ್ನೊಂದು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಗಾಜಿನ ಕಪಾಟಿನಲ್ಲಿ ಇಡುವುದಕ್ಕೆ. ಹೊದಿಕೆ ಹರಿದದ್ದಕ್ಕೆ ಕಪಾಟಿನಲ್ಲಿ ಜಾಗವಿಲ್ಲ ಎಂಬುದು ಅವನದೇ ನಿಯಮ.

ಹಾಗೆ ಕಪಾಟು ಸೇರಿದ ಒಂದು ಸೀಡಿಗೆ ತನ್ನ ಮೇಲೆ ಬಹಳ ಅಭಿಮಾನವಿತ್ತು. ಅದರ ಜೋಡಿ ಮಾತ್ರ ಕೆಳಗೆ, ಪ್ಲೇಯರಿನ ಪಕ್ಕದಲ್ಲಿ, ಮೈತುಂಬ ಗೀರು ಮಾಡಿಕೊಂಡು ಬಿದ್ದಿರುತ್ತಿತ್ತು.

"ತಂಗೀ, ನಿನ್ನ ಅವಸ್ಥೆ ನೋಡಲಾರೆ," ಎಂದಿತು ಕಪಾಟಿನ ಸೀಡಿ. "ಎರಡನೇ ಚರಣದಲ್ಲಿ ದಿನಾ ಎಡವುತ್ತೀಯ. 'ಬಾರೇ' ಎಂದು ಮೂರು ಸಲ ಅನ್ನದೆ ಮುಂದಕ್ಕೇ ಹೋಗುವುದಿಲ್ಲ. ನನ್ನಲ್ಲಿ ಒಂದು ಸ್ವರವೂ ಕೆಟ್ಟಿಲ್ಲ."

"ಇರಬಹುದಕ್ಕಾ. ಕೇಳಿದವರು ಯಾರೂ ಇಲ್ಲವಲ್ಲ."

ಆ ಮಾತು ಕಪಾಟಿನ ಸೀಡಿಗೆ ಚುಚ್ಚಿತು. "ನನ್ನನ್ನು ಒಮ್ಮೆ ಹಾಕಲಿ. ಮರುದಿನವೇ ನಿನ್ನನ್ನು ಗಿಳಿ ಓಡಿಸಲು ದಾಳಿಂಬೆ ಗಿಡಕ್ಕೆ ಕಟ್ಟುತ್ತಾರೆ."

ಮಗಳ ಹುಟ್ಟುಹಬ್ಬಕ್ಕೆ ಹಾಡು ಎಲ್ಲೂ ತಡವರಿಸಬಾರದೆಂದು ಧರಣೇಂದ್ರ ಗಟ್ಟಿ ಮನಸ್ಸು ಮಾಡಿ ಹೊದಿಕೆ ಹರಿದ. ಕಪಾಟಿನ ಸೀಡಿ ಹಾಡತೊಡಗಿತು. ಮನೆಯವರೆಲ್ಲ ದನಿಗೂಡಿಸಿದರು. ಎರಡನೇ ಚರಣದಲ್ಲಿ ಸೀಡಿ ಒಂದೇ ಸಲ 'ಬಾರೇ' ಎಂದು ಮುಂದೆ ಹೋಯಿತು. ಮನೆಯವರು ರೂಢಿಯಂತೆ ಮೂರು ಸಲ ಅಂದು ಹಿಂದೆ ಉಳಿದರು.

ಅಡುಗೆಮನೆಯಿಂದ ಹೆಂಡತಿ ಕುಸುಮಾ ಕೂಗಿದಳು: "ರೀ, ಆ ಸೀಡಿ ಕೆಟ್ಟಿದೆ. ನಮ್ಮದನ್ನು ಹಾಕಿ."

ಮರುದಿನ ಅವಳೇ ಅದನ್ನು ದಾಳಿಂಬೆ ಗಿಡಕ್ಕೆ ಕಟ್ಟಿದಳು. ಮೈಮೇಲೆ ಒಂದು ಗೀರೂ ಇರಲಿಲ್ಲವಾದ್ದರಿಂದ ಅದು ಚೆನ್ನಾಗಿ ಹೊಳೆಯುತ್ತಿತ್ತು, ಗಿಳಿಗಳು ಹತ್ತಿರ ಸುಳಿಯಲಿಲ್ಲ.