ಹಗ್ಗವಿಲ್ಲದ ಆಕಾಶರಥ

ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಸಿಟ್ಟು ತಡೆಯಲಾರದೆ ಹೇಳುತ್ತಿದ್ದೇನೆ.

ವಜ್ರದತ್ತ ರಾಜ ಡಂಗುರ ಸಾರಿಸಿದ: "ಕೆಂಪು ಗ್ರಹಕ್ಕೆ ಆಕಾಶರಥ ಹೊರಡುತ್ತದೆ! ಬಾವಿ ತೋಡುವ ಯಂಕೋಬ ನಮ್ಮ ಬಾವುಟ ಹಿಡಿದು ಹೋಗುತ್ತಾನೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವನ ಮಾತಿನಂತೆ ರಥ ನಡೆಯುತ್ತದೆ. ಯಾರೇ ತಪ್ಪು ಹೇಳಲಿ, ಅವರೂ ರಥ ಹತ್ತಬೇಕು!"

ಆ ರಥಕ್ಕೆ ಹೋಗಲು ಬರುತ್ತಿತ್ತು, ಮರಳಲು ಬರುತ್ತಿರಲಿಲ್ಲ. ಅಂದರೆ ಹತ್ತಿದವನಿಗೆ ಸಾವೇ. ಇದನ್ನು ಮೊದಲೇ ಹೇಳಬೇಕಿತ್ತು. ರಾಜಕುಮಾರಿ ಇಂದುಮುಖಿ ತಾನು ಮಾಡಿದ ಕೀಲುಗೊಂಬೆಯನ್ನು ಕಳಿಸೋಣ ಎಂದಿದ್ದಳು. "ಗೊಂಬೆ ಹೋದರೆ ನನಗೇನು ಕೀರ್ತಿ?" ಎಂದಿದ್ದ ರಾಜ.

ಅವಳು ಮೊದಲ ಒಗಟು ಕೇಳಿದಳು: "ಸತ್ತರೆ ಯಾರೂ ಅಳುವುದಿಲ್ಲ, ಸತ್ತೇ ಸುದ್ದಿ ಹೇಳುತ್ತದೆ. ಏನದು?"

"ದೂತ!" ಎಂದ ಒಗಟು ಬಿಡಿಸಲು ಬಂದಿದ್ದ ಒಬ್ಬ ಪರದೇಶದ ರಾಜಕುಮಾರ.

"ದೂತನಿಗೆ ತಾಯಿ ಇರುವುದಿಲ್ಲವೇ?"

"ಉಲ್ಕೆ!" ಎಂದ ಇನ್ನೊಬ್ಬ. ಇಬ್ಬರನ್ನೂ ರಥದತ್ತ ಎಳೆದೊಯ್ದರು.

ಆಗ ಯಂಕೋಬನ ಅಣ್ಣ ದುರುಗಪ್ಪ ಕೆಸರುಗಾಲಲ್ಲೇ ಮುಂದೆ ಬಂದ. ಮಂತ್ರಿ ನಕ್ಕ: "ಏನಯ್ಯ, ಅರಮನೆಯಲ್ಲೂ ಬಾವಿ ತೋಡ್ತೀಯಾ?"

"ಇಲ್ಲ ಸ್ವಾಮಿ. ಉತ್ತರ ಹೇಳೋಕೆ ಬಂದೆ. ದೀಪ! ಹಳೇ ಬಾವಿಗೆ ಇಳಿಯೋ ಮುಂಚೆ ದೀಪ ಇಳಿಬಿಡ್ತೀವಿ. ಆರಿದರೆ ಒಳಗೆ ಕೆಟ್ಟ ಗಾಳಿ. ಯಾರೂ ಇಳಿಯೋದಿಲ್ಲ."

"ಸರಿ," ಎಂದು ರಾಜಕುಮಾರಿ ಎರಡನೆಯದು ಕೇಳಿದಳು: "ದೀಪಕ್ಕೆ ತಿಳಿಯದ್ದು, ಇಳಿದವನ ಅಂಗಾಲಿಗೆ ತಿಳಿಯುವುದು ಏನು?"

"ಸೆಲೆ, ತಾಯಿ. ನೀರು ಕಾಣೋ ಮುಂಚೆ ತಂಪು ತಾಕುತ್ತೆ."

ರಾಜ ತೊಡೆ ತಟ್ಟಿದ. "ಕೇಳಿದೆಯಾ ಮಗಳೇ? ಮನುಷ್ಯನೇ ಹೋಗಬೇಕು!"

"ಮೂರನೆಯದು," ಎಂದಳು ಅವಳು. "ಹೋಗೆಂದವನು ದಡದಲ್ಲಿ, ಹೋದವನು ಆಳದಲ್ಲಿ. ನಡುವೆ ಇರಲೇಬೇಕಾದದ್ದು ಏನು?"

"ರಾಜಾಜ್ಞೆ!" ಎಂದು ರಾಜನೇ ಕೂಗಿಬಿಟ್ಟ.

"ಹಗ್ಗ!" ಎಂದ ದುರುಗಪ್ಪ. "ಹಗ್ಗ ಕಟ್ಟದೆ ನನ್ನ ತಮ್ಮನನ್ನ ಇಳಿಸ್ತೀರಾ? ನಾವು ಕೂಲಿಯವರು ಸ್ವಾಮಿ. ಆದರೂ ಇಳಿದವನನ್ನ ಮೇಲೆತ್ತದೆ ಒಂದು ದಿನವೂ ಮನೆಗೆ ಹೋಗಿಲ್ಲ!"

ಇಂದುಮುಖಿ ತಾನು ಮೊದಲೇ ಉತ್ತರ ಬರೆದಿಟ್ಟಿದ್ದ ಓಲೆಯ ಮೊಹರು ಒಡೆದು ತೋರಿಸಿದಳು. ಹಗ್ಗ ಎಂದೇ ಇತ್ತು. "ಅಪ್ಪಾಜಿ, ತಪ್ಪು ಹೇಳಿದವರು ರಥ ಹತ್ತಬೇಕಲ್ಲವೇ?"

ರಾಜ ಹಿಂದೆ ಸರಿದ. "ಮರಳುವ ದಾರಿಯೇ ಇಲ್ಲವಲ್ಲಮ್ಮ!"

"ಈಗ ಗೊತ್ತಾಯ್ತಾ?" ಎಂದ ದುರುಗಪ್ಪ. ಮೂರೂ ಒಗಟು ಬಿಡಿಸಿದ್ದರಿಂದ ರಥ ಇನ್ನು ಅವನ ಮಾತಿನಂತೆ ನಡೆಯಬೇಕಿತ್ತು. "ರಥದಿಂದ ಎಲ್ಲರನ್ನೂ ಇಳಿಸಿ. ಮೊದಲು ಗೊಂಬೆ ಹೋಗಲಿ. ಮರಳೋ ದಾರಿ ಮಾಡಿದ ಮೇಲೆ, ಮನಸ್ಸಿದ್ದವನು ಹೋಗಲಿ." ರಾಜ ಅರ್ಧ ರಾಜ್ಯ ಕೊಡಬಂದರೂ ಬೇಡವೆಂದು ಅವನು ತಮ್ಮನ ಕೈ ಹಿಡಿದುಕೊಂಡು ಹೊರಟ.

ಅರ್ಥ ಹೇಳಿಬಿಡುತ್ತೇನೆ. ದೀಪವೆಂದರೆ ಗೊಂಬೆ. ಅಂಗಾಲೆಂದರೆ ಮನುಷ್ಯ. ಎರಡೂ ಬೇಕು, ಸರದಿ ತಪ್ಪಬಾರದು. ಹಗ್ಗವೆಂದರೆ ಮರಳುವ ದಾರಿ. ಅದರ ಈ ತುದಿಯನ್ನು ಹಿಡಿಯಬೇಕಾದವರು ಯಾರೆಂದರೆ—

"ಏ, ಬರೆದದ್ದು ಸಾಕು, ಬಾರೋ! ದೀಪ ಆರಲಿಲ್ಲ, ನಿನ್ನಣ್ಣ ಬಾವಿಗೆ ಇಳೀತಿದ್ದಾನೆ. ಹಗ್ಗ ಹಿಡಿ!"

ಬಂದೆ!