ತೂಬು ಮುಚ್ಚಿಸಿದ ಸಣ್ಣೀರಿ

"ಕೇಳ್ರಪ್ಪೋ ಕೇಳಿ! ದೊರೆಯವರು ಮೂರು ಒಗಟು ಹಾಕ್ತಾರೆ. ಬಿಡಿಸಿದವರು ಬೇಡಿದ್ದು ಕೊಡ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತೆ!"

ಡಂಗುರದವನು ಹೀಗೆ ಕೂಗುತ್ತಾ ಬಂದಾಗ ಹಿರೇಕೆರೆ ದಂಡೆಯ ಜನ ಕೆಸರಿನಲ್ಲಿ ಹೂತ ಹರಿಗೋಲು ಎಳೆಯುತ್ತಿದ್ದರು.

ಕೆಸರು ಯಾಕೆ ಅಂತೀರಾ? ಹೋದ ವರ್ಷ ಬಿರುಗಾಳಿಗೆ ಹರಿಗೋಲು ಮಗುಚಿ ರಾಣಿ ಆ ಕೆರೆಯಲ್ಲಿ ಮುಳುಗಿದಳು. ದೇಹವೂ ಸಿಗಲಿಲ್ಲ. ದೊರೆ, "ನೀರೆಲ್ಲ ಬಿಡಿ, ಅವಳನ್ನು ಹುಡುಕಿ" ಅಂತ ತೂಬು ತೆಗೆಸಿಬಿಟ್ಟ. ಅರಮನೆಯಲ್ಲಿ ಅವಳ ಹೆಸರೆತ್ತಕೂಡದು ಅಂತಲೂ ಅಪ್ಪಣೆ ಮಾಡಿದ. ಪಾಪ, ಅವನ ಸಂಕಟ ಅವನಿಗೆ. ಆದರೆ ದಂಡೆಯವರ ಗತಿ? ನೀರು ಹೊತ್ತು ಹೊತ್ತು ಹೆಂಗಸರ ಸೊಂಟ ಬಿದ್ದುಹೋಯಿತು. ಬಲೆಗೆ ಮೀನಿಲ್ಲ, ಆಚೆ ದಡದ ಸಂತೆಗೆ ದಾರಿಯಿಲ್ಲ. ಹೀಗೇ ಆದರೆ ಊರಿಗೆ ಊರೇ ಗಂಟುಮೂಟೆ ಕಟ್ಟಬೇಕಿತ್ತು.

ದೊರೆಯ ಮಗಳ ಕೈ ಹಿಡಿಯುವ ಆಸೆಯಿಂದ ಮೊದಲು ಮಂತ್ರಿಯ ಮಗ ಬಂದ, ಪಲ್ಲಕ್ಕಿಯಲ್ಲಿ!

"ಅದು ದಿನಾ ಇಳಿಯುತ್ತದೆ. ಅದು ಇಳಿದಷ್ಟೂ ದಾರಿ ಉದ್ದವಾಗುತ್ತದೆ. ಏನದು?" ಅಂದ ದೊರೆ.

"ನೆರಳು, ಪ್ರಭು."

"ಇಳಿಯೋದು ಸೂರ್ಯ, ಉದ್ದವಾಗೋದು ನೆರಳು. ನಾನು ಕೇಳಿದ್ದು ದಾರಿ. ಎಳೆದುಕೊಂಡು ಹೋಗಿ!"

ಆಮೇಲೆ ಬಂದವನು ಒಬ್ಬ ಪಾಳೇಗಾರ. ಅವನಿಗೆ ದೊರೆ ಬೇರೊಂದು ಒಗಟನ್ನೇ ಮೊದಲು ಹಾಕಿದ: "ತುಂಬಿದಾಗ ಹಗುರ, ಬರಿದಾದಾಗ ಭಾರ. ಏನು?" ಪಾಳೇಗಾರ ಮೀಸೆ ತಿರುವಿ, "ಖಜಾನೆ!" ಅಂದ. ದೊರೆ ನಗಲೂ ಇಲ್ಲ. ಅವನೂ ಸೆರೆಮನೆ ಸೇರಿದ.

ಮೂರನೆಯವಳು ಹರಿಗೋಲು ನಡೆಸುವ ಸಣ್ಣೀರಿ. ಮೊಣಕಾಲಿನ ತನಕ ಕೆಸರು. ಬಾಗಿಲ ಭಟ, "ಅಯ್ಯೋ ಹುಚ್ಚಿ, ಜೀವ ಬೇಡವಾ ನಿನಗೆ?" ಅಂದ. "ಬೇಕು ಕಣಣ್ಣ, ಅದಕ್ಕೇ ಬಂದೆ" ಅಂತ ಒಳಗೆ ನಡೆದಳು.

ಮೊದಲ ಒಗಟು ಕೇಳಿದ್ದೇ ತಡ, "ಕೆರೆ ನೀರು, ಬುದ್ಧಿ!" ಅಂದಳು. "ಮುಂಚೆ ಗುಡಿಸಲಿನ ಬಾಗಿಲಲ್ಲೇ ಕೊಡ ಮುಳುಗಿಸ್ತಿದ್ವಿ. ಈಗ ನೀರು ಇಳಿದಷ್ಟೂ ದಾರಿ ದೂರ."

ದಿನಾ ಆ ಕೆಸರಿನಲ್ಲೇ ನೀರಿನಂಚಿನ ತನಕ ನಡೆದು ಹುಡುಕುತ್ತಿದ್ದವನು ದೊರೆ. "ಸರಿ" ಅಂತ ತಲೆದೂಗಿದ. ಎರಡನೆಯದು ಕೇಳಿದ.

"ಅದೂ ಕೆರೆಯೇ ಬುದ್ಧಿ. ಅದು ತುಂಬಿದ್ರೆ ನಾನೊಬ್ಬಳೇ ಹುಟ್ಟು ಹಾಕಿ ಇಡೀ ಸಂತೆ ದಾಟಿಸ್ತೀನಿ. ಬರಿದಾದ್ರೆ ಖಾಲಿ ಹರಿಗೋಲು ಎಳೆಯೋಕೂ ಊರಿನವರೆಲ್ಲ ಬೇಕು."

"ನಾನು ಅಂದುಕೊಂಡಿದ್ದು ಮನೆ" ಅಂದ ದೊರೆ, ಮೆಲ್ಲಗೆ. "ಇರಲಿ, ನಿನ್ನದೂ ಸರಿಯೇ. ಇನ್ನು ಮೂರನೆಯದು. 'ಬರ್ತೀನಿ' ಅಂತ ಹೇಳಿ ಹೋದವರು, ಬಾರದೆ ಎಲ್ಲಿರುತ್ತಾರೆ? ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ."

ಸಣ್ಣೀರಿ ದೊರೆಯ ಮುಖವನ್ನೇ ನೋಡಿ ಹೇಳಿದಳು:

"ಆವತ್ತು ರಾಣಿಯವರ ಹರಿಗೋಲಿಗೆ ಹುಟ್ಟು ಹಾಕ್ತಿದ್ದವನು ನಮ್ಮಪ್ಪ ಬುದ್ಧಿ. ಅವನೂ 'ಬರ್ತೀನಿ' ಅಂದೇ ಹೋದ. ನಮ್ಮವ್ವ ಈಗಲೂ ದಿನಾ ಅವನನ್ನ ಬೈತಾಳೆ. ಒದ್ದೆ ಬಲೆ ತಂದು ಒಲೆ ಪಕ್ಕ ಹಾಕ್ತಿದ್ದ, ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ ಅಂತ. ಬೈದು ನಗ್ತಾಳೆ, ನಕ್ಕು ಅಳ್ತಾಳೆ. ನಮ್ಮಪ್ಪ ಅಲ್ಲಿದ್ದಾನೆ ಬುದ್ಧಿ, ಅವ್ವನ ಮಾತಲ್ಲಿ. ಕೆಸರಲ್ಲಿಲ್ಲ. ನಿಮ್ಮ ಅರಮನೆಯಲ್ಲಿ ರಾಣಿಯವರ ಮಾತೇ ಆಡಬಾರದಂತೆ. ಮತ್ತೆ ಅವರು ಎಲ್ಲಿಗೆ ಬರಬೇಕು?"

ರಾಣಿಯ ಜೊತೆ ಇನ್ನೊಂದು ಜೀವವೂ ಹೋಗಿತ್ತು ಅನ್ನುವುದು ಇಷ್ಟು ದಿನ ದೊರೆಗೆ ನೆನಪೇ ಆಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ನಿಮ್ಮಪ್ಪನ ಹೆಸರೇನಮ್ಮ?"

"ದುರುಗ."

"ನನ್ನ ಹೆಂಡತಿ ಹೆಸರು ನೀಲಾಂಬಿಕೆ" ಅಂದ ದೊರೆ, ಎಲ್ಲರಿಗೂ ಕೇಳುವ ಹಾಗೆ. ಅಂದವನೇ ಮಗುವಿನ ಹಾಗೆ ಅತ್ತುಬಿಟ್ಟ. ಕಣ್ಣೊರೆಸಿಕೊಂಡು, "ಬೇಡಮ್ಮ, ಏನು ಬೇಕೋ ಬೇಡು" ಅಂದ.

"ತೂಬು ಮುಚ್ಚಿಸಿ ಬುದ್ಧಿ. ಸೆರೆಯಲ್ಲಿರೋ ಆ ಇಬ್ಬರನ್ನೂ ಬಿಟ್ಟುಬಿಡಿ. ಅವರ ಮನೇಲೂ ಕಾಯ್ತಿರ್ತಾರೆ."

ಎರಡೂ ಆಯಿತು. ಕೆರೆ ದಾಟಿಸುವ ಹಕ್ಕನ್ನು ದೊರೆ ಸಣ್ಣೀರಿಯ ವಂಶಕ್ಕೇ ಬರೆದುಕೊಟ್ಟ.

ಮಳೆಗಾಲದಲ್ಲಿ ಕೆರೆ ಕೋಡಿ ಬಿತ್ತು. ಬಾಗಿನ ಕೊಡಲು ಬಂದ ದೊರೆ ಹಾಗೇ ಸಣ್ಣೀರಿಯ ಗುಡಿಸಲಿಗೂ ಹೋಗಿ, ಮೀನಿನ ಸಾರು ಮುದ್ದೆಗೆ ಕೂತ. ಅವ್ವ ಬಡಿಸುತ್ತಾ ಎಂದಿನಂತೆ ದುರುಗನನ್ನು ಬೈಯಲು ಶುರುಮಾಡಿದಳು.

"ನಮ್ಮವಳೂ ಅಷ್ಟೇ ಕಣಮ್ಮ" ಅಂದ ದೊರೆ. "ಗಾಳಿ ಜೋರಾಗಿದೆ, ಇವತ್ತು ಬೇಡ ಅಂದೆ. ಎಲ್ಲಿ ಕೇಳಿದಳು?"